ಸಿಗ್ನೆಯ ಹೆಸರಿನ ಎದುರು

ಜನವರಿ 23, ಗುರುವಾರ

ಮತ್ತೆ ಚರ್ಚಿನ ನೆಲಮಾಳಿಗೆ. ಮತ್ತೆ ಚಪ್ಪಾಳೆ ಹಾಡು. ಕಾಲೇಜಿನ ಉಳಿದೆರಡು ಸೊರೊರಿಟಿಗಳಿಗೆ, ಅಂದರೆ ಹುಡುಗಿಯರ ಸಂಘಗಳಿಗೆ, ಬಿಳಿ ಕಂಬದ ದೊಡ್ಡ ಮನೆಗಳಿವೆ. ನಮಗೆ ಪಾದ್ರಿಗಳು ದಯಪಾಲಿಸಿದ ಈ ಜಾಗ, ಮಡಚುವ ಕುರ್ಚಿಗಳು, ಹಳಸಿದ ಕಾಫಿ ವಾಸನೆ. ಮೂವತ್ತು ಹುಡುಗಿಯರು ಸಾಲಾಗಿ ನಿಂತು, ಇಲ್ಲದ ಮನೆಯ ಇಲ್ಲದ ಬಾಗಿಲಿಗೆ ಬರುವ ಅತಿಥಿಗಳನ್ನು ನೋಡಿ ನಕ್ಕು ಹಾಡಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ.

ಸಿಗ್ನೆ ಎಂದಿನಂತೆ ಶ್ರುತಿ ಬಿಟ್ಟು, ಎಲ್ಲರಿಗಿಂತ ಜೋರಾಗಿ.

"ಸಿಗ್ನೆ, ಬರೀ ಬಾಯಿ ಆಡ್ಸು ಕಣೇ, ಸ್ವರ ಬೇಡ," ಎಂದಳು ಬ್ರಿನ್. ನಮ್ಮ ಅಧ್ಯಕ್ಷೆ.

"ನಮ್ಮಪ್ಪನ ಹೊಲದಲ್ಲಿ ಲಾರಿ ಸದ್ದಿನ ಮೇಲೆ ಕಿರುಚಿ ಬೆಳೆದಿರೋ ಗಂಟಲು ಇದು. ಮೆತ್ತಗೆ ಮಾಡೋ ಗುಂಡಿನೇ ಇಲ್ಲ ಇದಕ್ಕೆ."

ಕೇಂದ್ರ ಕಚೇರಿಯಿಂದ ಬಂದಿರುವ ಡೇವಿನ್ ಮಾತ್ರ ನಗಲಿಲ್ಲ. ನಮಗಿಂತ ಎರಡೇ ವರ್ಷ ದೊಡ್ಡವಳು, ಮಾತು ಅಜ್ಜಿಯದು. "ಮಾರ್ಚ್ ಒಂದಕ್ಕೆ ನಿಮ್ಮ ಹೊಸ ಶಾಖೆಗೆ ಸನ್ನದು ಸಿಗುತ್ತೆ, ಅಧಿಕೃತ ಆಗುತ್ತೆ. ಅಲ್ಲೀತನಕ ಒಂದೇ ಒಂದು ಕಪ್ಪುಚುಕ್ಕೆ ಬೀಳಬಾರದು. ಬಿತ್ತೋ, ಈ ಶಾಖೆ ಇಲ್ಲ. ನೀವು ಸ್ಥಾಪಕರು ಕಣ್ರೇ. ನೂರು ವರ್ಷ ಆದ್ಮೇಲೂ ಹೊಸ ಹುಡುಗೀರು ನಿಮ್ಮ ಹೆಸರು ಬಾಯಿಪಾಠ ಮಾಡ್ತಾರೆ."

ಮೈ ಜುಮ್ಮೆಂದಿತು. ನಾಚಿಕೆಯಾಗುತ್ತದೆ ಬರೆಯಲು, ಆದರೆ ನಿಜ. ಹೋದ ವರ್ಷ ಕಂಬದ ಮನೆಗಳೆರಡೂ ನನ್ನನ್ನು ಒಂದು ಸಾಲಿನ ಈಮೇಲ್‌ನಲ್ಲಿ ಬೇಡ ಎಂದವು. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾಗ ಒಬ್ಬಳು ಪಕ್ಕ ಬಂದು ಕೂತು ಚಿಪ್ಸ್ ಪೊಟ್ಟಣ ಚಾಚಿದಳು. "ನಿನ್ನನ್ನೂ ಬಿಸಾಕಿದ್ರಾ? ಸರ್ಕೊ ಸ್ವಲ್ಪ." ಅದು ಸಿಗ್ನೆ.

ಜನವರಿ 25, ಶನಿವಾರ, ಸಂಜೆ 6

ಇವತ್ತು ಕುಡಿಯದ ಸರದಿ ನನ್ನದು. ಹುಡುಗರ ಸಂಘದ ಮನೆಯಲ್ಲಿ ಪಾರ್ಟಿ. ನಮ್ಮವರು ಹನ್ನೆರಡು ಮಂದಿ. ಬ್ರಿನ್‌ಳ ಅಮ್ಮನ ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಕರೆದುಕೊಂಡು ಬರಬೇಕು. ಒಬ್ಬೊಬ್ಬಳೂ ಹಾಸ್ಟೆಲ್ ಬಾಗಿಲು ದಾಟಿದ್ದನ್ನು ಕಣ್ಣಾರೆ ನೋಡಿ ಹೆಸರಿನ ಎದುರು ಟಿಕ್ ಹಾಕಬೇಕು. ಪಟ್ಟಿಯ ಫೋಟೊ ರಾತ್ರಿ ಒಂದರೊಳಗೆ ಡೇವಿನ್‌ಗೆ ತಲುಪಬೇಕು.

ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ಯಾರೂ ಕೋಟು ತರುವುದಿಲ್ಲ, ಆ ಮನೆಯಲ್ಲಿ ಬಿಚ್ಚಿಟ್ಟ ಕೋಟು ವಾಪಸ್ ಸಿಗುವುದಿಲ್ಲ. ತೆಳು ಬ್ಲೌಸಿನಲ್ಲಿ ವ್ಯಾನಿನಿಂದ ಬಾಗಿಲಿಗೆ ಒಂದೇ ಓಟ. ಸಿಗ್ನೆ ಹಸಿರು ಸ್ಯಾಟಿನ್ ಹಾಕಿದ್ದಾಳೆ. ಸೋಮವಾರ ಸಂಖ್ಯಾಶಾಸ್ತ್ರದ ಪರೀಕ್ಷೆ, ಪುಸ್ತಕ ವ್ಯಾನಿಗೇ ಒಯ್ಯುತ್ತೇನೆ.

ಜನವರಿ 26, ಭಾನುವಾರ

ಬೆಳಗಿನ ಐದಕ್ಕೆ ಹಿಮ ತಳ್ಳುವ ಗಾಡಿಯವನಿಗೆ ಸಿಗ್ನೆ ಸಿಕ್ಕಿದ್ದಾಳೆ. ರೈಲು ಹಳಿಯ ಹತ್ತಿರ. ಬದುಕಿದ್ದಾಳೆ. ಚಳಿಗೆ ಮರಗಟ್ಟಿದ ಕೈ ಹೋಗಬಹುದಂತೆ.

ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಟಿಕ್ ಇದೆ.

ಅದೇ ದಿನ, ಮಧ್ಯಾಹ್ನ

ಇಲ್ಲಾದರೂ ನಿಜ ಬರೆಯುತ್ತೇನೆ. ಮೂರು ಟ್ರಿಪ್ ಹೊಡೆದೆ. ಮೂರನೆಯದಕ್ಕೆ ಆ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದೆ. ಮೂವರು ಓಡಿ ಬಂದರು. ಸಿಗ್ನೆ ಎಲ್ಲಿ ಅಂದೆ. ಹಿಂದಿನ ಸೀಟಿನಿಂದ ಯಾರೋ, "ಅವ್ಳು ಆಗ್ಲೇ ಹೋದ್ಲಲ್ಲ, ಮೊದಲ್ನೇ ಟ್ರಿಪ್‌ನಲ್ಲೇ." ಗಂಟೆ ಹನ್ನೆರಡು ಐವತ್ತು. ಮೊದಲನೇ ಟ್ರಿಪ್ ಓಡಿಸಿದವಳು ನಾನೇ, ಹಸಿರು ಬ್ಲೌಸ್ ಕಂಡ ನೆನಪಿರಲಿಲ್ಲ. ಆದರೂ ಇಳಿಯಲಿಲ್ಲ. ವ್ಯಾನು ಬೆಚ್ಚಗಿತ್ತು. ಅಲ್ಲೇ ಕೂತು ಎಲ್ಲ ಹೆಸರಿಗೂ ಟಿಕ್ ಎಳೆದು ಫೋಟೊ ಕಳಿಸಿದೆ.

ಅವಳು ಒಳಗೇ ಇದ್ದಳು. ಹೊರಬಂದಾಗ ನಾವಿರಲಿಲ್ಲ. ಹಳಿ ದಾಟಿದರೆ ಹಾಸ್ಟೆಲಿಗೆ ಹತ್ತಿರದ ದಾರಿ, ನಡೆದುಕೊಂಡೇ ಹೊರಟಿದ್ದಾಳೆ. ಇಷ್ಟೇ. ಇಷ್ಟೇ ಆಗಿದ್ದು.

ಜನವರಿ 27, ಸೋಮವಾರ

ಡೀನ್ ಕಚೇರಿ. ಡೀನ್, ಕಾಲೇಜು ಪೊಲೀಸ್ ಒಬ್ಬರು, ಡೇವಿನ್, ಬ್ರಿನ್, ನಾನು. ಮೇಜಿನ ಮೇಲೆ ನನ್ನ ಪಟ್ಟಿ. ಆ ಹುಡುಗರು ತಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ ಅಂದಿದ್ದಾರಂತೆ. ಅವರಿಗೂ ಅದೇ ಬೇಕು. ಹಾಸ್ಟೆಲಿನ ಪಕ್ಕದ ಬಾಗಿಲಿಗೆ ಸಿಗರೇಟು ಸೇದುವವರು ಸದಾ ಇಟ್ಟಿಗೆ ಒತ್ತಿಟ್ಟಿರುತ್ತಾರೆ, ಕಾರ್ಡು ಉಜ್ಜದೆಯೇ ಓಡಾಡಬಹುದು, ಆದ್ದರಿಂದ ಯಾರು ಬಂದರು ಹೋದರು ಎಂಬ ಲೆಕ್ಕವೂ ಇಲ್ಲ. ಸಿಗ್ನೆಯ ರೂಮಿನ ಜೊತೆಗಾತಿ ಊರಿಗೆ ಹೋಗಿದ್ದಳು.

"ಅವಳು ಒಳಗೆ ಹೋಗಿದ್ದು ನೀವು ನೋಡಿದ್ರಾ?" ಪೊಲೀಸ್ ಕೇಳಿದರು.

"ಪಟ್ಟಿಯಲ್ಲಿ ಇದೆಯಲ್ಲ," ಎಂದೆ.

ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಹಾವೂ ಸಾಯದ, ಕೋಲೂ ಮುರಿಯದ ಉತ್ತರ. ಅವರು ಹೌದು ಅಂತಲೇ ಬರೆದುಕೊಂಡರು. ಹಾಗಾದರೆ ರೂಮಿಗೆ ಬಂದ ಮೇಲೆ ತಾನಾಗಿಯೇ ಮತ್ತೆ ಹೊರಗೆ ಹೋಗಿದ್ದಾಳೆ, ಎಂದರು ಡೀನ್. ಕೋಟಿಲ್ಲದೆ. ಆ ಚಳಿಯಲ್ಲಿ. ಎಲ್ಲರ ತಲೆಯಲ್ಲೂ ಒಂದೇ ಯೋಚನೆ ಬಂದದ್ದು ಮುಖದ ಮೇಲೆ ಕಾಣುತ್ತಿತ್ತು.

ಹೊರಗೆ ಬಂದ ಮೇಲೆ ಬ್ರಿನ್‌ಳ ತೋಳು ಹಿಡಿದೆ. "ಬ್ರಿನ್, ನಾನು ಏನೋ ಹೇಳ್ಬೇಕು."

ಅವಳು ನನ್ನ ಮುಖವನ್ನೇ ನೋಡಿದಳು. "ಮಾರ್ನಿ, ಟಿಕ್ ಹಾಕಿದೀಯ ಅಂದ್ರೆ ಹಾಕಿದೀಯ. ಇನ್ನೇನೂ ನನ್ನ ಕಿವಿಗೆ ಹಾಕ್ಬೇಡ. ಮೂವತ್ತು ಜನ ಇದೀವಿ ಕಣೇ."

ಪರೀಕ್ಷೆಗೆ ಹೋಗಲಿಲ್ಲ.

ಜನವರಿ 29, ಬುಧವಾರ

ಆಸ್ಪತ್ರೆ. ಎಡಗೈಯ ನಾಲ್ಕು ಬೆರಳು ಹೋಗಿವೆ. ಹೆಬ್ಬೆರಳೊಂದು ಉಳಿದಿದೆ. ಕಾಲಿಗೂ ಬ್ಯಾಂಡೇಜ್.

ಅವಳಿಗೆ ಏನೇನೂ ನೆನಪಿಲ್ಲ. ಕುಣಿದದ್ದು ನೆನಪು, ಆಮೇಲೆ ಆಂಬುಲೆನ್ಸ್ ದೀಪ.

"ಮಾರ್ನಿ, ಸಾರಿ ಕಣೇ," ಅಂದಳು. ಅವಳು! ನನಗೆ! "ನೀನು ಕರ್ಕೊಂಡು ಬಂದು ಮನೆ ಮುಟ್ಸಿದ್ದೆ. ನಾನೇ ಮತ್ತೆ ಎದ್ದು ಹೋಗಿದೀನಿ. ನಿಮ್ಮ ಸನ್ನದು ಕೆಡಿಸ್ಬಿಟ್ನಾ?"

ಅವಳ ತಾಯಿ ಮಿಸೆಸ್ ಹೌಗನ್ ನನ್ನ ಎರಡೂ ಕೈ ಹಿಡಿದುಕೊಂಡು, "ನೀನಾದ್ರೂ ಅವಳನ್ನ ಜೋಪಾನವಾಗಿ ಕರ್ಕೊಂಡು ಬಂದ್ಯಲ್ಲಮ್ಮ," ಎಂದರು.

ಆಗ ಹೇಳಬಹುದಿತ್ತು. ಮೂವರೇ ಇದ್ದೆವು. ಹೇಳಲಿಲ್ಲ. ಕೈ ಬಿಡಿಸಿಕೊಂಡು ಬಂದು ಬಸ್ ಹತ್ತಿದೆ.

ಫೆಬ್ರವರಿ 6

ಏನೂ ಇಲ್ಲ. ಕ್ಲಾಸು. ಊಟ. ಹಾಡು. ಅವಳ ಸ್ವರ ಇಲ್ಲದೆ ಈಗ ಹಾಡು ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಕೇಳಲಾಗುವುದಿಲ್ಲ.

ಫೆಬ್ರವರಿ 15, ಶನಿವಾರ

ಸಿಗ್ನೆ ಊರಿಂದ ಫೋನ್ ಮಾಡಿದ್ದಳು. ಈ ವರ್ಷ ಕಾಲೇಜಿಗೆ ಬರುವ ಹಾಗಿಲ್ಲ. ಬರಬೇಕಾದರೆ ಮಾನಸಿಕ ವೈದ್ಯರ ಪತ್ರ ಬೇಕಂತೆ. ವಾರಕ್ಕೆರಡು ಸಲ ಅವರ ಹತ್ತಿರ ಹೋಗುತ್ತಾಳೆ.

"ಡಾಕ್ಟ್ರು ಪದೇ ಪದೇ ಕೇಳ್ತಾರೆ, ಯಾಕೆ ಹೊರಗೆ ಹೋದೆ ಅಂತ. ಗೊತ್ತಿಲ್ಲ ಅಂದ್ರೆ ಬರ್ಕೋತಾರೆ. ಮೊನ್ನೆ ಸಾಕಾಗಿ ಹೌದು ಅಂದ್ಬಿಟ್ಟೆ."

"ಏನಕ್ಕೆ ಹೌದು?"

"ಸಾಯೋಕೆ ಅಂತ." ದನಿ ತಗ್ಗಿಸಿದಳು. "ನಂಗೆ ಹಂಗೆ ಅನ್ನಿಸಿದ್ದೇ ಇಲ್ಲ ಮಾರ್ನಿ. ಆದ್ರೆ ಬೆಚ್ಚಗೆ ರೂಮಿಗೆ ಬಂದವಳು ಮತ್ತೆ ಯಾಕೆ ಹೋಗ್ತಾಳೆ ಹೇಳು? ನನ್ನೊಳಗೆ ನಂಗೇ ಗೊತ್ತಿಲ್ದೆ ಯಾರೋ ಇದಾಳೆ ಅನ್ಸುತ್ತೆ. ರಾತ್ರಿ ನಿದ್ದೆ ಮಾಡೋಕೆ ಭಯ. ಅವಳು ಎದ್ದು ಹೋಗ್ಬಿಟ್ರೆ?"

ಹೇಳು, ಈಗ ಹೇಳು, ಅಂದುಕೊಂಡೆ. "ಮಾತ್ರೆ ಸರಿಯಾಗಿ ತಗೋ," ಅಂದೆ.

ನಾನು ಹುಳ. ಹುಳಕ್ಕಿಂತ ಕಡೆ.

ಫೆಬ್ರವರಿ 20

ಬ್ರಿನ್ ಹೊಸ ಯೋಜನೆ ತಂದಿದ್ದಾಳೆ. ಶಾಖೆಯ ಮೊದಲ ಸಮಾಜಸೇವೆ, ಆತ್ಮಹತ್ಯೆ ತಡೆಯುವ ನಡಿಗೆ. ಸಿಗ್ನೆಯ ಹೆಸರಲ್ಲಿ. ಹಳದಿ ರಿಬ್ಬನ್ ಮಾರುತ್ತಾರಂತೆ. ಡೇವಿನ್‌ಗೆ ಕಣ್ಣಲ್ಲಿ ನೀರು. "ಇದನ್ನೇ ಸೋದರಿಯರು ಅನ್ನೋದು," ಎಂದಳು.

ಒಪ್ಪುವವರು ಕೈ ಎತ್ತಿ ಎಂದಳು ಬ್ರಿನ್. ಮೂವತ್ತರಲ್ಲಿ ಒಬ್ಬಳಿಲ್ಲ, ಇಪ್ಪತ್ತೊಂಬತ್ತು ಕೈ ಎದ್ದವು. ನನ್ನದೂ.

ಮಾರ್ಚ್ 1, ಶನಿವಾರ

ಸನ್ನದು ಬಂತು.

ಬಿಳಿ ಬಟ್ಟೆ, ಮೇಣದಬತ್ತಿ, ಹೋಟೆಲಿನ ದೊಡ್ಡ ಹಾಲ್, ಚಿಕನ್ ಊಟ. ಕೇಂದ್ರ ಕಚೇರಿಯ ಹಿರಿಯ ಹೆಂಗಸರು ಮುತ್ತಿನ ಸರ ಹಾಕಿಕೊಂಡು ಬಂದಿದ್ದರು. ಒಬ್ಬೊಬ್ಬರೂ ಎದ್ದು ಹೋಗಿ ದಪ್ಪ ಕಾಗದದ ಮೇಲೆ ಸಹಿ ಮಾಡಿದೆವು. ಅಮ್ಮ ಸಲೂನಿಗೆ ರಜೆ ಹಾಕಿ, ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ನನ್ನ ಸಹಿಯ ಫೋಟೊ ತೆಗೆಯುತ್ತಾ ಅತ್ತಳು. "ನಮ್ಮ ಮನೇಲಿ ಯಾರ ಹೆಸರೂ ಎಲ್ಲೂ ಬರೆದಿಟ್ಟಿದ್ದಿಲ್ಲ ಕಣೆ."

ಡೇವಿನ್ ಭಾಷಣದಲ್ಲಿ ನನ್ನ ಹೆಸರು ಹೇಳಿದಳು. ಆ ರಾತ್ರಿ ಎಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಿದವಳು, ಶಾಖೆಯನ್ನು ಉಳಿಸಿದ್ದು ಅವಳ ಪಟ್ಟಿ. ಚಪ್ಪಾಳೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಅಲ್ಲಿ ಹಳದಿ ರಿಬ್ಬನ್ ಇತ್ತು.

ಸಿಗ್ನೆಯ ಬ್ಯಾಡ್ಜು ಒಂದು ಡಬ್ಬಿಯಲ್ಲಿ. "ಅವಳ ಮನೆಗೆ ನೀನೇ ಹೋಗಿ ಕೊಟ್ಟು ಬಾ," ಎಂದಳು ಡೇವಿನ್. "ನಿನ್ನ ಕೈಯಿಂದ್ಲೇ ಆಗ್ಲಿ."

ಮಾರ್ಚ್ 5

ಪತ್ರ ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಸತ್ಯ ಹೇಳಿದರೆ ಸನ್ನದು ಹೋಗುತ್ತದೆ, ಇಪ್ಪತ್ತೆಂಟು ಹುಡುಗಿಯರು ನನ್ನ ಮುಖಕ್ಕೆ ಉಗಿಯುತ್ತಾರೆ, ಕಾಲೇಜು ಹೊರಗೆ ಹಾಕಿದರೂ ಹಾಕೀತು. ಹೇಳದಿದ್ದರೆ ಸಿಗ್ನೆ ತನಗೇ ಹೆದರಿಕೊಂಡು ಬದುಕಬೇಕು. ತೂಗಿ ನೋಡುವಂಥದ್ದೇನಿದೆ ಇದರಲ್ಲಿ? ಆದರೂ ಐದು ವಾರದಿಂದ ತೂಗುತ್ತಾ ಕೂತಿದ್ದೇನೆ.

ಮಾರ್ಚ್ 9, ಭಾನುವಾರ, ಸಂಜೆ. ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕ್, ಎರವಲು ತಂದ ಕಾರಿನೊಳಗೆ

ಹೇಳಿದೆ.

ಹಾಸ್ಟೆಲ್ ಸೇರುವವರೆಗೆ ಕಾಯಲಾರೆ. ಈಗಲೇ ಬರೆದಿಡುತ್ತೇನೆ.

ಮಿಸೆಸ್ ಹೌಗನ್ ಬಾಗಿಲು ತೆಗೆದರು. ಇಳಿದುಹೋಗಿದ್ದಾರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದ ಕೈ. ಬಂದೂಕಿನ ಕಪಾಟಿನದಂತೆ. ಅಡುಗೆಮನೆಯಲ್ಲಿ ಬ್ರೆಡ್ಡು ಕತ್ತರಿಸಲು ಚಾಕು ಬೇಕಾದಾಗ, ಅದನ್ನೂ ಬೀಗ ತೆಗೆದೇ ಹೊರತಂದರು. ಮಹಡಿ ಮೇಲೆ ಸಿಗ್ನೆಯ ರೂಮಿನ ಹೊಸ್ತಿಲಿಗೆ ಅಡ್ಡಲಾಗಿ ನೆಲದ ಮೇಲೆ ಒಂದು ಹಾಸಿಗೆ. ಆಸ್ಪತ್ರೆಯಿಂದ ಬಂದಾಗಿನಿಂದ ತಾಯಿ ಅಲ್ಲೇ ಮಲಗುತ್ತಾರೆ, ಮಗಳು ಎದ್ದು ಹೋದರೆ ತಮ್ಮನ್ನು ದಾಟಿಯೇ ಹೋಗಲಿ ಅಂತ.

ಸಿಗ್ನೆ ಮಂಚದ ಮೇಲೆ ಕೂತಿದ್ದಳು. ಮಾತ್ರೆಯಿಂದ ಊದಿಕೊಂಡ ಮುಖ. ಮಾತು ನಿಧಾನ. ಡಬ್ಬಿಯನ್ನು ಬಲಗೈಯಲ್ಲಿ ಹಿಡಿದು ಎಡಗೈಯ ಹೆಬ್ಬೆರಳಿನಿಂದ ತೆರೆಯಲು ಹೋಗಿ ಆಗದೆ ನನ್ನ ಕಡೆ ಚಾಚಿದಳು. "ತೆಗ್ದು ಕೊಡೇ."

ಆಗ ಬಾಯಿಂದ ಬಂದುಬಿಟ್ಟಿತು. "ನೀನು ರೂಮಿಗೆ ಬರ್ಲೇ ಇಲ್ಲ ಸಿಗ್ನೆ. ನಾನು ನಿನ್ನ ಕರ್ಕೊಂಡು ಬರ್ಲಿಲ್ಲ. ಆ ಮನೇಲಿ ಬಿಟ್ಟು ಬಂದೆ. ನೋಡ್ದೇನೇ ಟಿಕ್ ಹಾಕ್ದೆ."

ಅವಳು ಡಬ್ಬಿ ಕೆಳಗಿಟ್ಟಳು. ಬೈಗುಳಕ್ಕೆ ಕಾಯುತ್ತಾ ಕೂತೆ. ಅದು ಬಂದಿದ್ದರೆ ಎಷ್ಟು ಹಗುರಾಗುತ್ತಿತ್ತು.

"ಅಂದ್ರೆ... ನಾನು ವಾಪಸ್ ಹೊರಗೆ ಹೋಗ್ಲಿಲ್ವಾ?"

"ಇಲ್ಲ."

"ಮತ್ತೆ ಎಲ್ಲಿಗೆ ಹೋಗ್ತಿದ್ದೆ?"

"ಹಾಸ್ಟೆಲ್‌ಗೆ. ನಡ್ಕೊಂಡು."

ನಕ್ಕಳು. ನಿಜವಾಗಿ, ಹಳೆಯ ಸಿಗ್ನೆಯ ಗಂಟಲಿನಿಂದ, ಮನೆಯೇ ಅದುರುವ ಹಾಗೆ. ಕಣ್ಣಿಂದ ನೀರು ಸುರಿಯುತ್ತಿತ್ತು. "ಅಮ್ಮಾ! ಅಮ್ಮಾ, ಮೇಲೆ ಬಾ! ನಾನು ಸಾಯೋಕೆ ಹೋಗಿರ್ಲಿಲ್ಲ ಅಮ್ಮಾ! ನಾನು ಮನೆಗೆ ಬರ್ತಿದ್ದೆ!"

ತಾಯಿ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಮಗಳು ಎರಡೆರಡು ಸಲ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದರು.

"ಯಾವಾಗ್ಲಿಂದ ಗೊತ್ತಿತ್ತು ನಿನಗೆ?"

"ಮೊದಲ್ನೇ ದಿನದಿಂದ."

ಹೊಡೆಯಲಿಲ್ಲ. ಬೈಯಲಿಲ್ಲ. ಬಗ್ಗಿ ಆ ಹಾಸಿಗೆಯನ್ನು ಸುತ್ತತೊಡಗಿದರು. ದಪ್ಪ ಹಾಸಿಗೆ, ಒಬ್ಬರ ಕೈಲಿ ಆಗುತ್ತಿರಲಿಲ್ಲ. ನಾನು ಎದ್ದು ಒಂದು ತುದಿ ಹಿಡಿಯಲು ಹೋದೆ.

"ಮುಟ್ಟಬೇಡ," ಎಂದರು.

ಬ್ರಿನ್ ಫೋನ್ ಮಾಡುತ್ತಿದ್ದಾಳೆ. ಬ್ಯಾಡ್ಜು ಕೊಟ್ಟೆಯಾ, ಫೋಟೊ ತೆಗೆದೆಯಾ ಅಂತ ಕೇಳಲು ಇರಬೇಕು. ಎತ್ತಬೇಕು. ಹೇಳಬೇಕು, ನಾಳೆ ಬೆಳಿಗ್ಗೆ ಡೀನ್ ಹತ್ತಿರ ಹೋಗುತ್ತೇನೆ, ಎಲ್ಲರಿಗೂ ಹೇಳಿಬಿಡು, ಆವತ್ತು ನಾನು ವ್ಯಾನಿನಿಂದ ಇಳಿದೇ ಇರಲಿಲ್ಲ ಅಂತ. ಎತ್ತುತ್ತಿದ್ದೇನೆ.