ಹಾಲಿನ ಲೋಟದ ತಳ

ಗುರುವಾರ, ಬೆಳಿಗ್ಗೆ

ನನ್ನ ಕಂದಮ್ಮಾ,

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ತಮ್ಮನ ವಿಷಯ ಫೋನಿನಲ್ಲಿ ಹೇಳುವಂತಿಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಕಾಗದ.

ಇವನಿಗೆ ಸ್ಕಿಜೋಫ್ರೇನಿಯಾ ಈಗಷ್ಟೇ ಶುರುವಾಗಿದೆ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ. ಒಲೆಗೆ ಸೌದೆಯ ಹಾಗೆ ಮಿದುಳಿಗೆ ಸಕ್ಕರೆಯಂತೆ. ಅದು ಎಲ್ಲಿ ಎಷ್ಟು ಉರಿಯುತ್ತದೆಂದು ಯಂತ್ರದಲ್ಲಿ ನೋಡಿ, ಕಾಯಿಲೆ ಇಲ್ಲದವರ ಜೊತೆ ಹೋಲಿಸುತ್ತಾರಂತೆ. ನನ್ನ ಮಗನ ತಲೆಯೊಳಗಿನ ಒಲೆ ಇವರಿಗ್ಯಾಕೆ? ನನಗೆ ಆಗಲೇ ಅನುಮಾನ ಹತ್ತಿತು. ಅವರ ಆ ಸಂಶೋಧನೆಯ ಪರೀಕ್ಷೆಗೆ ಇನ್ನೂ ಮದ್ದು ಶುರುಮಾಡದವರೇ ಬೇಕಂತೆ.

"ಯಾವ್ದಾದ್ರೂ ಮಾತ್ರೆ ನುಂಗಿದಾನಾ?" ಎಂದು ಕೇಳಿದರು.

"ಒಂದೂ ನುಂಗಿಲ್ಲ," ಎಂದೆ. ಅವನು ನನ್ನನ್ನೇ ನೋಡುತ್ತಿದ್ದ.

ಅವನದ್ದು ಒಂದೇ ರಾಗ: "ಅಮ್ಮ ಹಾಲಿಗೆ ಏನೋ ಹಾಕ್ತಾಳೆ." ಗಡಿಯಾರ ರಿಪೇರಿ ಅಂಗಡಿಯ ಕೆಲಸ ಬಿಟ್ಟದ್ದೂ ಅಲ್ಲಿಯ ಚಹಾದಲ್ಲಿ ಏನೋ ಇದೆಯೆಂದೇ. ಡಾಕ್ಟರಮ್ಮ ಎರಡನ್ನೂ ಬರೆದುಕೊಂಡು ರಕ್ತ ತೆಗೆಸಿದರು.

ಮಂಗಳವಾರ ಬರೀ ಹೊಟ್ಟೆಯಲ್ಲಿ ಪರೀಕ್ಷೆಗೆ ಕರೆದೊಯ್ದರೆ, ರಕ್ತದಲ್ಲಿ ಮದ್ದು ಸಿಕ್ಕಿದೆ, ಪರೀಕ್ಷೆ ಇಲ್ಲ ಎಂದರು. ನಾನು ಬಿಡಲಿಲ್ಲ. "ಸೀಸೆ ಅದಲುಬದಲಾಗಿದೆ. ಇಲ್ಲಾ ನಿಮ್ಮೋರೇ ಏನೋ ಚುಚ್ಚಿದಾರೆ!"

"ಜಗಳ ಬೇಡಮ್ಮಾ. ಅವ್ನು ಹೇಳೋದ್ರಲ್ಲಿ ಕಾಯಿಲೆ ಯಾವ್ದು, ನಿಜ ಯಾವ್ದು ಅಂತ ನಂಗೆ ಗೊತ್ತಾಗ್ಬೇಕು," ಎಂದರು ಡಾಕ್ಟರಮ್ಮ.

ಅಂದಿನಿಂದ ಅವನು ನನ್ನ ಕೈಯ ಅಡುಗೆ ಮುಟ್ಟಿಲ್ಲ. ನಲ್ಲಿ ನೀರು, ಅಂಗಡಿಯ ಬ್ರೆಡ್ಡು, ಅಷ್ಟೇ. ನೀನು ಓದಿದವಳು, ಆಸ್ಪತ್ರೆಯವರ ಮೇಲೊಂದು ದೂರು ಬರೆದುಕೊಡು.

ನಿನ್ನನ್ನೇ ನಂಬಿರುವ
ಅಮ್ಮ

ಸಂಜೆ ಸೇರಿಸಿದ್ದು: ದೂರು ಬರೆಯಬೇಡ. ಪ್ರಾರ್ಥನೆಗೆ ಕೂತರೆ ಕಣ್ಣು ಮುಚ್ಚಲಾಗಲಿಲ್ಲ. ನಮ್ಮ ಬೀದಿಯ ಡಾಕ್ಟರು ಮೊದಲೇ ಮಾತ್ರೆ ಕೊಟ್ಟಿದ್ದರು. ಅವನು ಉಗುಳಿದ. ಆರು ವಾರ ಚಮಚದ ಬೆನ್ನಿನಲ್ಲಿ ಪುಡಿಮಾಡಿ ಹಾಲಿಗೆ ಹಾಕಿದೆ. ನುಂಗಿಲ್ಲ, ಕುಡಿದದ್ದು ತಾನೇ, ಸುಳ್ಳಾಗಲಿಲ್ಲ ಎಂದು ದೇವರ ಮುಂದೂ ವಾದ ಹೂಡಿದ್ದೆ. ಇಂದು ಡಾಕ್ಟರಮ್ಮನಿಗೆ ಹೇಳಿದೆ. "ಪರೀಕ್ಷೆ ಇರ್ಲಿ. ಮೊದ್ಲು ಅವ್ನಿಗೆ ಹೇಳಿ," ಎಂದರು. ಹೇಳಿದೆ.

ಅವನು ಕೂಗಾಡಲಿಲ್ಲ. "ಹಾಗಾದ್ರೆ ಅದೊಂದು ನಿಜ," ಎಂದ. ತಾನೇ ಹಾಲು ಕಾಯಿಸಿ ನನಗೂ ಒಂದು ಲೋಟ ತಂದುಕೊಟ್ಟ.

ಕುಡಿಯುವ ಮೊದಲು ನಾನು ಚಮಚದಿಂದ ತಳ ಕೆದಕಿದೆ, ಕಂದಾ. ಅವನು ನೋಡಿದ.