ಸೂಜಿಯ ಬದಲು ತೆಂಗಿನಕಾಯಿ

ಮಾರ್ಚ್ ೧೮, ಮಂಗಳವಾರ. ಧನಕವಡಿ.

ಈ ಊರಿನಲ್ಲಿ ಏನು ಸತ್ತರೂ ಒಂದು ಶಾಲು, ಒಂದು ತೆಂಗಿನಕಾಯಿ. ಎಚ್‌ಐವಿ ತಗಲದಂತೆ ತಡೆಯುವ ಹೊಸ ಚುಚ್ಚುಮದ್ದಿನ ಪ್ರಯೋಗಕ್ಕೆ ಹೊರದೇಶದ ದುಡ್ಡು ನಿಂತಿತು. ನಮ್ಮ ಸಂಸ್ಥೆಯ ಏಕನಾಥ ಸರ್ ಅದಕ್ಕೂ ಸತ್ಕಾರ ಸಮಾರಂಭ ಇಟ್ಟರು. ಎರಡು ವರ್ಷ ನಮಗೆ ತೋಳೊಡ್ಡಿದ ಹೆಂಗಸರನ್ನು ಸಾಲಾಗಿ ಕೂರಿಸಿದರು. ಹೊಸ ದಾನಿಗಳಿಗೆ ಫೋಟೊ ಕಳಿಸಬೇಕಂತೆ. ನಗಬೇಕಂತೆ. ಥೂ.

ಆ ಸಾಲಿನಲ್ಲಿದ್ದ ಗೌರಾಬಾಯಿ ತನಗೆ ಕೊಟ್ಟ ತೆಂಗಿನಕಾಯಿಯನ್ನು ಕೈಯಲ್ಲಿ ತೂಗಿ ನೋಡಿ ನನ್ನತ್ತ ತಿರುಗಿದಳು. "ಅಕ್ಕಾರ, ಮುಂದಿನ ಸೂಜಿ ಇಲ್ಲಂದ್ರ, ಗಿರಾಕಿ ಬಂದಾಗ ಈ ಕಾಯಿ ಹಿಡಕೊಂಡು ಕುಂದರ್ಲೇನ್ರಿ?"

ಸರ್‌ಗೆ ಕನ್ನಡ ಬಾರದು. ಏನೆನ್ನುತ್ತಾಳೆ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದರು.

"ಆಭಾರ ಮಾನತೇ, ಸರ್" ಎಂದೆ. ಕೃತಜ್ಞತೆ ಹೇಳುತ್ತಿದ್ದಾಳಂತೆ! ಎಲ್ಲರೂ ಚಪ್ಪಾಳೆ ತಟ್ಟಿದರು.

ಏಕನಾಥರನ್ನು ಬೈಯಲೆಂದೇ ಈ ಪುಸ್ತಕ ತೆರೆದೆ. ಅವರಿಗೇನು, ಅರ್ಥವೇ ಆಗಲಿಲ್ಲ. ಗೌರಾಬಾಯಿ ಅಥಣಿ ಬಿಟ್ಟು ಇಪ್ಪತ್ತು ವರ್ಷವಾಯಿತು, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಸರ್‌ಗೆ ಹೇಳಬೇಕಿದ್ದರೆ ನೇರ ಅವರಿಗೇ ಹೇಳುತ್ತಿದ್ದಳು. ಅವಳು ಕೇಳಿದ್ದು ನನ್ನನ್ನು. ನಾನು ಕೊಟ್ಟ ಉತ್ತರವನ್ನೂ ಪೂರ್ತಿ ಕೇಳಿಸಿಕೊಂಡು, ಶಾಲು ಸರಿಮಾಡಿಕೊಂಡು, ಕ್ಯಾಮೆರಾ ಕಡೆ ತಿರುಗಿ ನಕ್ಕಳು.