ಪಿರಮಿಡ್ಡಿನ ಒಳಗೆ ಹೋಗಬಾರದವರು

ಸೆಪ್ಟೆಂಬರ್ 14, ಭಾನುವಾರ. ಅಡಿಲೇಡ್, ಮಾಸನ್ ಲೇಕ್ಸ್, ಬೆಳಿಗ್ಗೆ 7.30

ಕೆರೆಗೆ ಒಂದು ಸುತ್ತು. ನಲವತ್ತೊಂದು ನಿಮಿಷ. ಕಳೆದ ವಾರಕ್ಕಿಂತ ಎರಡು ಹೆಚ್ಚು. ಕಾಲಿಗೆ ಕಟ್ಟುವ ಕ್ಯಾಲಿಪರ್‌ನ ಮೇಲಿನ ಪಟ್ಟಿ ಸಡಿಲ, ಅದಕ್ಕೆ. ಕಾಲಿನ ತಪ್ಪಲ್ಲ. ಮೂರನೇ ವಯಸ್ಸಿಗೆ ಪೋಲಿಯೊ ಬಂದ ಮೇಲೂ ನಲವತ್ತೆಂಟು ವರ್ಷ ದುಡಿದ ಕಾಲು, ಅದನ್ನು ಬೈಯುವಂತಿಲ್ಲ. ಬಾತುಕೋಳಿಗಳು ದಾರಿ ಬಿಡಲಿಲ್ಲ. ಕೋಲು ತೋರಿಸಿದೆ. ಆಗಲೂ ಬಿಡಲಿಲ್ಲ. ಮೆಚ್ಚಿದೆ.

ಈಜಿಪ್ಟ್ ಟಿಪ್ಸ್ ಮುಗಿಸಿ ಬ್ರಿಸ್ಬೇನಿನ ಉದಯಶಂಕರ್‌ಗೆ ಕಳಿಸಿದೆ. ಒಟ್ಟು ಇಪ್ಪತ್ತಮೂರು. ಫೆಬ್ರವರಿಯ ಟೂರಿಗೆ ಅವರೇ ಕ್ಯಾಪ್ಟನ್ — ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡದವರು ಸೇರಿ ಹದಿನಾರು ಜನ. ಅದರಲ್ಲಿ ನಾನು, ಪರ್ತ್‌ನಿಂದ ನನ್ನ ತಂಗಿ ಮಾಲವಿಕಾ ಕೂಡ. "ನೀವು ಸಾಫ್ಟ್‌ವೇರ್ ಟೆಸ್ಟಿಂಗ್‌ನವ್ರು, ಎಲ್ಲಾ ಚೆಕ್ ಮಾಡಿ ಬರೀತೀರಾ" ಎಂದು ಕೆಲಸ ನನ್ನ ಕೊರಳಿಗೆ ಕಟ್ಟಿದರು. ಬರೆದೆ. ಬಾಗಿಲು ತೆಗೆಯುವ ಹೊತ್ತಿಗೇ ಗೀಜಾ ತಲುಪಿ, ಹತ್ತರ ಮೇಲೆ ಬಸ್ಸುಗಳ ಜಾತ್ರೆ. ಆವರಣದ ಟಿಕೆಟ್ ಬೇರೆ, ಪಿರಮಿಡ್ಡಿನ ಒಳಗೆ ಹೋಗುವ ಟಿಕೆಟ್ ಬೇರೆ. "ಫ್ರೀ ಗಿಫ್ಟ್" ಎಂದು ಯಾರು ಏನು ಕೊಟ್ಟರೂ ಕೈ ಚಾಚಬೇಡಿ. ಒಂಟೆ ಹತ್ತುವ ಮೊದಲು ಇಳಿಸುವುದಕ್ಕೂ ಸೇರಿಸಿ ರೇಟು ಮಾತಾಡಿ. ಟಾಯ್ಲೆಟ್ ಪೇಪರ್ ಜೇಬಿನಲ್ಲಿರಲಿ. ಗೋಡೆಯ ಚಿತ್ರ ಮುಟ್ಟಬೇಡಿ, ಮೂರು ಸಾವಿರ ವರ್ಷ ಉಳಿದ ಬಣ್ಣ ನಿಮ್ಮ ಬೆವರಿಗೆ ಹೋಗುತ್ತದೆ.

ಹದಿಮೂರನೆಯದು: ಮೊಣಕಾಲು, ಬೆನ್ನು, ಉಸಿರಾಟದ ತೊಂದರೆ ಇರುವವರು ದೊಡ್ಡ ಪಿರಮಿಡ್ಡಿನ ಒಳಗೆ ಹೋಗಬಾರದು. ಎಲ್ಲ ವೆಬ್‌ಸೈಟಿನಲ್ಲೂ ಇತ್ತು. ಹಾಗೇ ಇಳಿಸಿಬಿಟ್ಟೆ.

ಅಕ್ಟೋಬರ್ 4, ಶನಿವಾರ. ಬ್ರಿಸ್ಬೇನ್, ಸಂಜೆ 5

ನಿನ್ನೆ ಆಫೀಸ್ ಕೆಲಸಕ್ಕೆ ಬಂದವಳು ಒಂದು ದಿನ ಉಳಿದೆ. ಟೂರಿನ ಮೀಟಿಂಗ್, ಸನ್ನಿಬ್ಯಾಂಕ್ ಬಡಾವಣೆಯ ಉದಯಶಂಕರ್ ಮನೆಯಲ್ಲಿ. ಅವರ ಹೆಂಡತಿ ಶ್ರೀಲಕ್ಷ್ಮಿ ಮಾಡಿದ ಬಿಸಿಬೇಳೆಬಾತ್. ಬ್ರಿಸ್ಬೇನಿನ ಎಂಟು ಜನ, ನಾನು, ಟೇಬಲ್ ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಪರ್ತ್‌ನವರು. ಮಾಲು ಒಂದು ಮೂಲೆಯ ಚೌಕದಲ್ಲಿ.

ನನ್ನ ಟಿಪ್ಸ್ ಪ್ರಿಂಟ್ ಮಾಡಿ ಎಲ್ಲರಿಗೂ ಹಂಚಿದ್ದರು. ಚಪ್ಪಾಳೆ ಕೂಡ ಆಯಿತು. ಆಮೇಲೆ ಉದಯಶಂಕರ್ ಗಂಟಲು ಸರಿಮಾಡಿಕೊಂಡರು.

"ಮೈತ್ರೇಯಿ ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಗ್ರೂಪ್ ಅಂದ್ಮೇಲೆ ಎಲ್ರೂ ಒಂದೇ ಸ್ಪೀಡಲ್ಲಿ ಇರ್ಬೇಕಲ್ವಾ? ಬಿಸ್ಲು, ಮರಳು, ಮೆಟ್ಲು... ಈ ಸಲ ನೀವು ರೆಸ್ಟ್ ತಗೊಳ್ಳಿ."

"ರೆಸ್ಟ್ ಬೇಕು ಅಂತ ನಾನು ಹೇಳಿದ್ನಾ?"

"ನೀವೇ ಬರ್ದಿದೀರಲ್ಲ ಮೇಡಂ. ಹದಿಮೂರನೇ ಪಾಯಿಂಟು." ಹಾಳೆ ಎತ್ತಿ ತೋರಿಸಿದರು. "ನಿಮ್ಮ ಹತ್ತಿರದವ್ರೇ ನಂಗೆ ಹೇಳಿದ್ರು, ನಿಮ್ಗೆ ಸ್ಟ್ರೈನ್ ಆಗತ್ತೆ ಅಂತ."

ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾಲು ಮ್ಯೂಟ್‌ನಲ್ಲಿದ್ದಳು. ಮ್ಯೂಟ್ ತೆಗೆಯಲಿಲ್ಲ.

ಎರಡನೇ ಸಲ ಬಡಿಸಿಕೊಂಡು ತಿಂದೆ. ತುಪ್ಪ ಕೇಳಿ ಹಾಕಿಸಿಕೊಂಡೆ. ಅಳುತ್ತಾ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದರೆ, ಇಲ್ಲ.

ಅಕ್ಟೋಬರ್ 5, ಭಾನುವಾರ. ಬ್ರಿಸ್ಬೇನ್ ಏರ್‌ಪೋರ್ಟ್

ಬುಕ್ ಮಾಡಿದೆ. ಜನವರಿ. ಅವರಿಗಿಂತ ಒಂದು ತಿಂಗಳು ಮೊದಲು. ಒಬ್ಬಳೇ. ಅಡಿಲೇಡ್, ಪರ್ತ್, ಕೈರೋ. ಏರ್‌ಲೈನ್‌ನವರು ವೀಲ್‌ಚೇರ್ ಬೇಕಾ ಎಂದರು. ಬೇಕು ಎಂದೆ. ಏರ್‌ಪೋರ್ಟಿನಲ್ಲಿ ನಡೆದು ಯಾರಿಗೆ ಏನು ತೋರಿಸಬೇಕಾಗಿದೆ? ಕಾಲನ್ನು ಪಿರಮಿಡ್ಡಿಗೆ ಉಳಿಸಿಕೊಳ್ಳುವುದು.

ಸಿಟ್ಟು ಇಳಿದಿಲ್ಲ. ಹಳೆಯದೂ ಸೇರಿಕೊಂಡಿದೆ. ಶ್ರವಣಬೆಳಗೊಳ — ನನಗೆ ಹನ್ನೊಂದು. ಬರಿಗಾಲಲ್ಲಿ ಹತ್ತಬೇಕು. ಕ್ಯಾಲಿಪರ್ ಬೂಟಿಗೇ ಜೋಡಿಸಿದ್ದು, ನನಗೆ ಬೂಟು ಬಿಚ್ಚಿದರೆ ಕಾಲೇ ಇಲ್ಲ. "ನೀನು ಇಲ್ಲೇ ಕೂತಿರು ಪುಟ್ಟಿ, ಬೇಗ ಬಂದ್ಬಿಡ್ತೀವಿ" ಎಂದು ಅಪ್ಪ ಅಮ್ಮ, ಚಿಕ್ಕಪ್ಪನ ಮನೆಯವರೆಲ್ಲ ಹತ್ತಿದರು. ಎರಡೂವರೆ ಗಂಟೆ ಚಪ್ಪಲಿ ಕಾದೆ. ಮಾಲು ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದಳು. ಇಳಿದು ಬಂದವರು ಗೊಮ್ಮಟ ಎಷ್ಟು ದೊಡ್ಡವನು ಎಂದು ದಾರಿಯುದ್ದಕ್ಕೂ ನನಗೇ ಹೇಳಿದರು.

ಇನ್ನು ಯಾರ ಬಾಯಿಂದಲೂ ಕೇಳಿ ತಿಳಿದುಕೊಳ್ಳುವುದಿಲ್ಲ.

ಅಕ್ಟೋಬರ್ 19, ಭಾನುವಾರ. ಮಾಸನ್ ಲೇಕ್ಸ್

ಟೆಸ್ಟಿಂಗ್ ಶುರು. ಪಿರಮಿಡ್ಡಿನ ಒಳಗಿನ ಇಕ್ಕಟ್ಟಾದ ದಾರಿ ನಾಲ್ಕಡಿ ಎತ್ತರ, ಹತ್ತಿರ ಹತ್ತಿರ ನಲವತ್ತು ಮೀಟರ್ ಏರು. ಹಲಗೆ ಹಾಸಿ ಅಡ್ಡಪಟ್ಟಿ ಹೊಡೆದಿದ್ದಾರೆ, ಎರಡೂ ಕಡೆ ಕಂಬಿ. ಅದು ಮುಗಿದ ಮೇಲೆ ದೊಡ್ಡ ಓಣಿ, ಅಷ್ಟೇ ಕಡಿದು, ಆದರೆ ನೆಟ್ಟಗೆ ನಿಲ್ಲಬಹುದು. ಇಷ್ಟು ಸ್ಪಷ್ಟವಾಗಿ ಯಾರೂ ಒಂದೇ ಕಡೆ ಬರೆದಿಲ್ಲ. ಎಲ್ಲರಿಗೂ "ಹೋಗಬಾರದು" ಎನ್ನುವುದೇ ಸುಲಭ.

ಗ್ಯಾರೇಜಿನಲ್ಲಿ ನಾಲ್ಕಡಿಗೆ ಬಟ್ಟೆ ಹಗ್ಗ ಕಟ್ಟಿದೆ. ತಲೆ ತಾಗದಂತೆ ಬಗ್ಗಿ ನಡೆಯಬೇಕು. ಆರು ಹೆಜ್ಜೆ. ಬಿದ್ದೆ. ಮತ್ತೆ ಎಂಟು. ಬಿದ್ದೆ. ಮೊಣಕೈ ತರಚಿತು.

ರಿಸಲ್ಟ್: ಫೇಲ್. ನನ್ನದೇ ಹದಿಮೂರನೇ ಟಿಪ್ ಪಾಸ್. ಉದಯಶಂಕರ್ ಮುಖ ಕಣ್ಣ ಮುಂದೆ ಬಂತು. ಹಗ್ಗಕ್ಕೆ ಒಗೆದ ಟವೆಲ್ ಹರಡಿ ಬಾಗಿಲು ಹಾಕಿದೆ.

ಅಕ್ಟೋಬರ್ 31, ಶುಕ್ರವಾರ

ಇಲ್ಲ. ಬರೆಯುವಂಥದ್ದೇನೂ ಇಲ್ಲ.

ನವೆಂಬರ್ 8, ಶನಿವಾರ. ಮಧ್ಯಾಹ್ನ

ಗ್ಯಾರೇಜಿನಲ್ಲಿ ಮತ್ತೆ ಬಿದ್ದೆ. ಈ ಸಲ ಏಳಲಿಲ್ಲ. ಗ್ಯಾರೇಜಿನಿಂದ ಅಡುಗೆಮನೆಗೆ ಐದು ಮೆಟ್ಟಿಲು. ಬೆನ್ನು ತಿರುಗಿಸಿ ಮೊದಲ ಮೆಟ್ಟಿಲ ಮೇಲೆ ಕೂತು, ಕೈ ಊರಿ, ಗಟ್ಟಿಯಿರುವ ಎಡಗಾಲಲ್ಲಿ ಒದ್ದು ಹಿಂದಕ್ಕೆ ಎತ್ತಿಕೊಂಡೆ. ಇನ್ನೊಂದು. ಐದೂ ಆಯಿತು. ಉಸಿರೂ ಏರಲಿಲ್ಲ. ತಲೆ ನಾಲ್ಕಡಿಗಿಂತ ಎಷ್ಟೋ ಕೆಳಗೆ.

ಮೈಸೂರಿನ ಮನೆಯಲ್ಲಿ ಅಟ್ಟಕ್ಕೆ ಹೀಗೇ ಹತ್ತುತ್ತಿದ್ದೆ, ಏಳೆಂಟು ವರ್ಷದವಳಿದ್ದಾಗ. ಅಮ್ಮ ನೋಡಿದರೆ ಬೈಗುಳ. "ತೆವಳ್ಬೇಡ! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಎದ್ದು ನಿಂತ್ಕೋ!" ನಿಂತೆ. ಅಟ್ಟಕ್ಕೆ ಹೋಗುವುದು ನಿಂತಿತು. ನಿಂತುಕೊಂಡವಳು ಎಂಬ ಹೆಸರು ಬಂತು, ನೋಡಬೇಕಾದ ಜಾಗಗಳೆಲ್ಲ ತಪ್ಪಿದವು. ಎಂಥ ವ್ಯಾಪಾರ!

ಐವತ್ತೊಂದು ವಯಸ್ಸು. ಅಂದುಕೊಳ್ಳುವವರು ಅಂದುಕೊಳ್ಳಲಿ. ಪ್ಯಾಂಟಿನ ಹಿಂಭಾಗಕ್ಕೆ ದಪ್ಪ ಬಟ್ಟೆ ಹೊಲಿಸಬೇಕು. ಕೈಗೆ ಗ್ಲೌಸ್.

ನವೆಂಬರ್ 30, ಭಾನುವಾರ

ಆಫೀಸಿನ ಫೈರ್ ಎಕ್ಸಿಟ್ ಮೆಟ್ಟಿಲು. ವಾರದಲ್ಲಿ ಮೂರು ದಿನ, ಎಲ್ಲರೂ ಹೋದ ಮೇಲೆ. ನಾಲ್ಕು ಮಹಡಿ, ಎಂಬತ್ತೆಂಟು ಮೆಟ್ಟಿಲು, ಕೂತುಕೊಂಡು, ಹಿಂದುಹಿಂದಕ್ಕೆ. ಮೊನ್ನೆ ಸೆಕ್ಯುರಿಟಿಯವನು ಬಾಗಿಲು ತೆಗೆದು ಬೆಚ್ಚಿಬಿದ್ದ. ಪಿರಮಿಡ್ಡಿಗೆ ಪ್ರಾಕ್ಟೀಸ್ ಎಂದೆ. "ಗುಡ್ ಆನ್ ಯಾ" — ಇಲ್ಲಿಯವರ ಶಭಾಷ್ — ಎಂದು ಬಾಗಿಲು ಮುಚ್ಚಿಕೊಂಡು ಹೋದ. ಹೆಚ್ಚು ಪ್ರಶ್ನೆ ಕೇಳದ ಈ ದೇಶದ ಗುಣ ನನಗೆ ಇಷ್ಟ.

ಉದಯಶಂಕರ್ ಮೆಸೇಜ್: ಟಿಪ್ಸ್‌ನ ಹೊಸ ವರ್ಷನ್ ಇದ್ದರೆ ಕಳಿಸಬೇಕಂತೆ. "ಸ್ವಲ್ಪ ಕಾಯಿರಿ, ಟೆಸ್ಟಿಂಗ್ ನಡೀತಿದೆ" ಎಂದು ಬರೆದೆ. ಕೈ ಮುಗಿಯುವ ಚಿಹ್ನೆ ಬಂತು.

ಮಾಲು ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಸೆಕೆಯ ಬಗ್ಗೆ ಮಾತಾಡಿ ಇಟ್ಟಳು.

ಜನವರಿ 10, ಶನಿವಾರ. ಪರ್ತ್, ಮಾಲು ಮನೆ

ಬೆಳಿಗ್ಗೆ ಬಂದೆ. ನಾಳೆ ಫ್ಲೈಟ್. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಸರ್ವೋದಲ್ಲಿ ನಿಲ್ಲಿಸಿದಾಗ ಮಾಲು ಉಗುರು ಕಚ್ಚುತ್ತಿದ್ದಳು. "ಮಧ್ಯಾಹ್ನ ಕ್ಲಿನಿಕ್ ಇದೆ ಅಕ್ಕ, ನೀನು ಮಲ್ಕೋ" ಎಂದು ಮನೆಯಲ್ಲಿ ಬಿಟ್ಟು ಹೋದಳು. ನಲವತ್ತೆಂಟರ ಡಾಕ್ಟರು, ನನ್ನ ಮುಂದೆ ಇನ್ನೂ ಉಗುರು ಕಚ್ಚುತ್ತಾಳೆ.

ಸಂಜೆ ಅಡುಗೆಮನೆ. ಹುರುಳಿಕಾಯಿ ಹೆಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಉದಯಶಂಕರ್‌ಗೆ ಹೇಳಿದ್ದು ನಾನೇ ಅಕ್ಕ."

"ಗೊತ್ತಿತ್ತು," ಎಂದೆ. ಸುಳ್ಳು. ಗೊತ್ತಾಗಬಾರದು ಎಂದು ಮೂರು ತಿಂಗಳಿಂದ ಆ ಕಡೆ ಯೋಚಿಸದೆ ಇದ್ದೆ. "ಡಾಕ್ಟರಾಗಿ ಹೇಳಿದ್ಯಾ?"

"ಇಲ್ಲ." ಚಾಕು ಇಟ್ಟಳು. "ನೀನು ಬಂದ್ರೆ ಕೆಳಗಡೆ ನಿನ್ನ ಜೊತೆ ಯಾರು ಕೂತ್ಕೋತಾರೆ ಹೇಳು? ಉದಯಶಂಕರಾ? ಎಲ್ರೂ ನನ್ನ ಮುಖಾನೇ ನೋಡ್ತಾರೆ. ಬೆಳಗೊಳದಲ್ಲಿ ನಂಗೆ ಎಂಟು ವರ್ಷ. ಅಕ್ಕನ ಜೊತೆ ಇರು ಅಂದ್ರು, ಇದ್ದೆ. ಚಾಮುಂಡಿಬೆಟ್ಟದ ಮೆಟ್ಲು ಹತ್ತೋವಾಗ್ಲೂ ಅಷ್ಟೇ. ನಂಗೂ ಕಾಲಿತ್ತಲ್ಲ ಅಕ್ಕ? ಮಾಲು, ನೀನು ಹತ್ತುತ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ. ಒಂದೇ ಒಂದು ಸಲ ನಾನೂ ಮೇಲೆ ಹೋಗ್ಬೇಕು ಅನ್ನಿಸ್ತು."

ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ನನ್ನನ್ನೇ ಕೇಳ್ಬಹುದಿತ್ತಲ್ಲ! ಊರವರ ಮುಂದೆ ನನ್ನ ಕಾಲು ಹರಾಜು ಹಾಕಿಸ್ಬೇಕಿತ್ತಾ?"

"ಕೇಳಿದ್ರೆ ನೀನು ಬಿಟ್ಕೊಟ್ಬಿಡ್ತಿದ್ದೆ. ಆಮೇಲೆ ನಂಗೆ ಹೋಗೋಕೆ ಮನಸ್ಸು ಬರ್ತಿರ್ಲಿಲ್ಲ."

ಕಡಲೆಕಾಯಿ ತಿನ್ನುತ್ತಿದ್ದಳು ಎಂದು ನಲವತ್ತು ವರ್ಷ ನೆನಪಿಟ್ಟುಕೊಂಡೆ. ಅವಳು ಬೆಟ್ಟದ ಕಡೆ ನೋಡುತ್ತಿದ್ದಳಾ? ನೆನಪಿಲ್ಲ. ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ನಾಚಿಕೆಯಾಯಿತು. ನನಗೂ ಸಿಟ್ಟು ಬಿಟ್ಟು ಬೇರೇನಾದರೂ ಆಗುತ್ತದೆ ಎಂದು ಇಲ್ಲಿ ಬರೆದಿಟ್ಟಿರಲಿ.

ಆದರೂ ಹೇಳಿದೆ, "ನಿನ್ನನ್ನ ಕೂರಿಸಿದ್ದು ನಾನಲ್ಲ ಮಾಲು. ಅವ್ರು. ಇನ್ಮೇಲೆ ನನ್ನ ಜೊತೆ ಯಾರೂ ಕೂತ್ಕೋಬೇಕಾಗಿಲ್ಲ. ನೀನಂತೂ ಬೇಡವೇ ಬೇಡ."

"ಒಳಗೆ ಹೇಗೆ ಹೋಗ್ತೀಯಾ?"

ತೋರಿಸಿದೆ. ಅವಳ ಮನೆಯ ಮಹಡಿ ಮೆಟ್ಟಿಲು, ಹದಿನಾರು, ಹಿಂದುಹಿಂದಕ್ಕೆ. ಕೆಳಗೆ ನಿಂತು ನೋಡಿದಳು. ಡಾಕ್ಟರ್ ಮುಖ ಹಾಕಿಕೊಂಡು ಭುಜದ ಕೀಲು, ರಕ್ತದೊತ್ತಡ ಎಂದೆಲ್ಲ ಶುರು ಮಾಡಿದವಳು ಅರ್ಧಕ್ಕೆ ನಿಲ್ಲಿಸಿ ಅತ್ತಳು. ನಾನು ಮೇಲಿನಿಂದಲೇ ಬೈದೆ. ಹುರುಳಿಕಾಯಿ ಪಲ್ಯ ಸೀದುಹೋಗಿತ್ತು. ತಿಂದೆವು.

ಜನವರಿ 12, ಸೋಮವಾರ. ಗೀಜಾ, ಹೋಟೆಲ್

ಮಾಲು ಏರ್‌ಪೋರ್ಟಿಗೆ ಬಿಟ್ಟಾಗ "ಹುಷಾರು" ಎನ್ನಲಿಲ್ಲ. ಅದಕ್ಕೆ ಅವಳಿಗೆ ಎಷ್ಟು ಕಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು.

ಬಾಟಲಿ ನೀರು ಮಾತ್ರ. ಐಸ್ ಬೇಡ ಎಂದೆ. ಕಿಟಕಿಯಿಂದ ಪಿರಮಿಡ್ಡು ಕಾಣುತ್ತಿದೆ. ಭಯವಾಗುತ್ತಿದೆ, ನಿಜ ಹೇಳಬೇಕೆಂದರೆ. ಅರ್ಧ ದಾರಿಯಲ್ಲಿ ಕೈ ಸೋತರೆ? ಹಿಂದೆ ಜನ ಸಾಲುಗಟ್ಟಿದರೆ? ಆಗ ಟೂರಿನವರೆಲ್ಲರೂ, ಎಲ್ಲ ವೆಬ್‌ಸೈಟುಗಳೂ ಗೆದ್ದಂತೆ. ಬೇಗ ಮಲಗುವುದು.

ಜನವರಿ 13, ಮಂಗಳವಾರ. ಬೆಳಿಗ್ಗೆ 9.10. ದೊಡ್ಡ ಪಿರಮಿಡ್ಡಿನ ಒಳಗೆ, ರಾಜನ ಕೋಣೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಡೈರಿ ತೊಡೆಯ ಮೇಲೆ, ಅಕ್ಷರ ವಕ್ರ.

ಇಕ್ಕಟ್ಟು ದಾರಿಯ ಬುಡದಲ್ಲಿ ಗಾರ್ಡ್ ತಡೆದ. "ನೋ, ಮೇಡಂ. ಲೆಗ್, ನೋ." ಟಿಕೆಟ್ ತೋರಿಸಿದೆ. "ಟಿಕೆಟ್, ಯೆಸ್. ಲೆಗ್, ನೋ." ವಾದ ಮಾಡಲಿಲ್ಲ. ಕೋಲನ್ನು ಬೆನ್ನಿಗೆ ಕಟ್ಟಿಕೊಂಡು, ಅವನ ಕಡೆ ಮುಖ ಮಾಡಿ, ಹಲಗೆಯ ಮೇಲೆ ಕೂತೆ. ಅವನನ್ನೇ ನೋಡುತ್ತಾ ಹಿಂದಕ್ಕೆ ಹೊರಟೆ. ಬಾಯಿ ತೆರೆದುಕೊಂಡು ನಿಂತಿದ್ದ.

ಇಳಿಯುವವರು ಗೋಡೆಗೆ ಒತ್ತಿ ಜಾಗ ಬಿಟ್ಟರು. ಒಬ್ಬ ಕೈ ಕೊಡಲು ಬಂದ, ಬೇಡ ಎಂದೆ. ಬಗ್ಗಿ ಹತ್ತುತ್ತಿದ್ದವರೆಲ್ಲ ತೊಡೆ ಹಿಡಿದುಕೊಂಡು ನರಳುತ್ತಿದ್ದರು. ನಾನು ನಡುವೆ ಎರಡು ಸಲ ನಿಂತೆ. ಎರಡನೇ ಸಲ ಭುಜ ಉರಿದು, ಗಾಳಿ ಸಾಲದೆ, ಇಲ್ಲಿಗೆ ಮುಗಿಯಿತು ಅನ್ನಿಸಿತು. ಹಿಂದಿದ್ದ ಮುದುಕಿಯೊಬ್ಬಳು, ಯಾವ ದೇಶದವಳೋ, ತಾನೂ ಕೂತುಬಿಟ್ಟಳು. ನನ್ನ ಹಾಗೆಯೇ ಬೆನ್ನು ತಿರುಗಿಸಿಕೊಂಡಳು. ಇಬ್ಬರೂ ಹತ್ತಿದೆವು, ಆಮೇಲಿನ ದೊಡ್ಡ ಓಣಿಯನ್ನೂ.

ಕೋಣೆಯಲ್ಲಿ ಏನೂ ಇಲ್ಲ. ನುಣುಪಾದ ಕಪ್ಪು ಗೋಡೆ, ಮುಚ್ಚಳವಿಲ್ಲದ ಒಂದು ಕಲ್ಲಿನ ಪೆಟ್ಟಿಗೆ, ಬೆವರಿನ ವಾಸನೆ. ಅಷ್ಟೇ. ಅಷ್ಟೇ ಎಂದು ನಾನೇ ನೋಡಿ ತಿಳಿದುಕೊಂಡೆ. ಜೋರಾಗಿ ಅತ್ತೆ. ಕಲ್ಲಿನ ಕೋಣೆ, ಅಳು ದೊಡ್ಡದಾಗಿ ಕೇಳಿಸಿತು. ಕೇಳಲಿ.

ಇಲ್ಲಿನ ಗಾರ್ಡ್ ಒಳ್ಳೆಯವನು. ನನ್ನ ಕ್ಯಾಲಿಪರ್ ನೋಡಿ, ಕನಿಕರದಿಂದ ಕೇಳಿದ — ಮೇಡಂ, ಫ್ಯಾಮಿಲಿ? ಕೆಳಗೆ ಕಾಯ್ತಿದ್ದಾರಾ?

ನೋಬಡಿ, ಎಂದೆ. ಪಾಪ, ಅವನ ಮುಖ ಬಾಡಿತು. ನನಗೆ ನಗು ಬಂತು. ಐವತ್ತೊಂದು ವರ್ಷದಲ್ಲಿ ಮೊದಲ ಸಲ ನನಗಾಗಿ ಕೆಳಗೆ ಯಾರೂ ಕೂತಿಲ್ಲ. ಇವನಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದು?

ಈಗ ಟಾರ್ಚ್ ಆಡಿಸುತ್ತಿದ್ದಾನೆ. ಐದು ನಿಮಿಷ ಆಯಿತಂತೆ, ಏಳಬೇಕಂತೆ. ಏಳುವುದಿಲ್ಲ. ನನಗೆ ಸಾಕು ಅನ್ನಿಸಿದಾಗ ಏಳುತ್ತೇನೆ.